ಒಂದು ಗುಟುಕಿನ ಅಳತೆ

ನಮೂನೆ ಏಳರ ನಾಲ್ಕನೇ ಪ್ರಶ್ನೆ:
ಒಮ್ಮೆ ಈಜಿಗಿಳಿದರೆ ಎಷ್ಟು ನೀರು ನುಂಗುತ್ತೀಯ?
ಹುಡುಗ ನಗುತ್ತಾನೆ. ಹೆಸರು ಒಗುಟು. ಹತ್ತು ದಾಟಿರಬಹುದು.
"ಯಾರಾದ್ರೂ ಬೇಕಂತ ನುಂಗ್ತಾರಾ, ಅಕ್ಕಾ?"

ಕಿಸುಮುವಿನ ದಂಡೆ. ಬೆಳಗಿನ ಏಳೂವರೆ.
ಮಿನಿಬಸ್ಸುಗಳು ಮೊಣಕಾಲುದ್ದ ನೀರಿಗಿಳಿದು ನಿಂತಿವೆ
ಎಮ್ಮೆಗಳ ಹಾಗೆ, ಮೈ ಉಜ್ಜಿಸಿಕೊಳ್ಳುತ್ತ.
ಆಚೆ ಹಳೇ ಬಲೆಯ ಮೇಲೆ ಒಮೆನ ಮೀನು ಒಣಗುತ್ತಿದೆ,
ಬೆರಳುಗುರಿನಷ್ಟಷ್ಟೇ ಬೆಳ್ಳಿ.
ಈಚೆ, ಅಂತರಗಂಗೆ ಮುಚ್ಚಿದ ಮೂಲೆಯಲ್ಲಿ
ಆಸ್ಪತ್ರೆಯ ಮೋರಿ ಯಾರಿಗೂ ಹೇಳದೆ ಸರೋವರ ಸೇರುತ್ತದೆ.

ನಾನು ಅವಿನೊ. ಬಾಟಲಿ ತುಂಬುವುದು,
ಮುಚ್ಚಳ ಬಿಗಿಯುವುದು, ಐಸಿನ ಪೆಟ್ಟಿಗೆಯಲ್ಲಿ ಮಲಗಿಸುವುದು ನನ್ನ ಕೆಲಸ.
ಮೋರಿಯ ಬಾಯಲ್ಲೊಂದು. ಐವತ್ತು ಹೆಜ್ಜೆ ಆಚೆಗೊಂದು.
ಅಪೊಂದಿಯ ಕೋಳಿಗೂಡು ತೊಳೆದು ಬರುವ ಕಾಲುವೆಯಲ್ಲೊಂದು.
"ರೋಗ ಬರೋಕೆ ಮೊದಲೇ ಮದ್ದು ಹಾಕಿಬಿಡ್ತೀನಿ,
ಬಂದು ಸತ್ತರೆ ನಷ್ಟ ನಿಮ್ಮಪ್ಪ ಕೊಡ್ತಾನಾ?"
ಅವಳ ಲೆಕ್ಕವೂ ತಪ್ಪಲ್ಲ.
ಕೆಂಪು-ಹಳದಿ ಮಾತ್ರೆ ಅಂಗಡಿಯಲ್ಲಿ ಬಿಡಿಯಾಗಿ ಸಿಗುತ್ತದೆ.
ಎರಡು ನುಂಗಿ ಜ್ವರ ಇಳಿದರೆ ಉಳಿದ ಮೂರನ್ನು
ಪಕ್ಕದ ಮನೆಗೆ ಕೊಡುವುದು ಇಲ್ಲಿ ಒಳ್ಳೆಯತನ.

ಒಳ್ಳೆಯತನ ನೀರಿನೊಳಗೂ ಇದೆ.
ಸಾಯದೆ ಉಳಿದ ಒಂದು ಸೂಕ್ಷ್ಮಜೀವಿ
ಉಳಿದ ಗುಟ್ಟನ್ನು ಬಚ್ಚಿಟ್ಟುಕೊಳ್ಳುವುದಿಲ್ಲ.
ನೆಂಟನಲ್ಲ, ಕುಲದವನಲ್ಲ, ಸುಮ್ಮನೆ ಮಗ್ಗುಲಿಗೆ ಬಂದವನು,
ಅವನಿಗೂ ಕೊಡುತ್ತದೆ, ಬೇಲಿಯ ಮೇಲಿಂದ ಹೆಪ್ಪು ಕೊಟ್ಟ ಹಾಗೆ.
ಒಂದು ಚಮಚ ಸಾಕು.
ಬೆಳಗಾಗುವಷ್ಟರಲ್ಲಿ ಇಡೀ ಪಾತ್ರೆ ಗಟ್ಟಿ.

ಪ್ರಯೋಗಾಲಯದಲ್ಲಿ ಗಾಜಿನ ತಟ್ಟೆಯನ್ನು ಬೆಳಕಿಗೆ ಹಿಡಿಯುತ್ತೇನೆ.
ಮದ್ದು ಹೀರಿದ ಆರು ಬಿಳಿ ಬಿಲ್ಲೆ. ಆರು ಚಂದ್ರ.
ಗೆದ್ದ ಮದ್ದಿನ ಸುತ್ತ ಗುಡಿ ಕಟ್ಟಬೇಕು,
ಯಾವ ಜೀವವೂ ಕಾಲಿಡದ ತಿಳಿಬಯಲು.
ಮೋರಿಯ ಬಾಯಿಯ ತಟ್ಟೆಯಲ್ಲಿ ಒಬ್ಬ ಚಂದ್ರನಿಗೂ ಗುಡಿಯಿಲ್ಲ. ಗೊತ್ತಿದ್ದದ್ದೇ.
ಈಜುವ ಜಾಗದ್ದರಲ್ಲಿ ಇಬ್ಬರಿಗಿದೆ.
ಇಬ್ಬರಿದ್ದಾರೆ ಎಂದು ಬರೆಯಲೇ,
ನಾಲ್ವರು ಹೋದರು ಎಂದು ಬರೆಯಲೇ?

ಇದು ಅರ್ಧ ಲೆಕ್ಕ, ಎನ್ನುತ್ತಾರೆ ಒಯೂಗಿ ಸಾಹೇಬರು
ಕನ್ನಡಕ ಒರೆಸುತ್ತ.
ಮೊಸಳೆ ನೀರಿನಲ್ಲಿದೆ, ಸರಿ.
ನಮ್ಮ ಕಾಲು ಎಷ್ಟು ಹೊತ್ತು ನೀರಿನಲ್ಲಿದೆ? ಅದರಿಂದ ಗುಣಿಸು.
ಅದಕ್ಕೇ ಗುಟುಕು. ಅದಕ್ಕೇ ಒಗುಟು.

ಅಳತೆಯ ಕೊಳವೆ ಕಂಡು ಅವನ ಕಣ್ಣರಳುತ್ತದೆ.
"ತೋರಿಸ್ತೀನಿ ಇರು."
ಬೇಡ ಎನ್ನುವ ಮೊದಲೇ ಮುಳುಗಿ,
ಕೆನ್ನೆ ಉಬ್ಬಿಸಿಕೊಂಡು ಎದ್ದು,
ಕೊಳವೆಗೆ ಉಗುಳುತ್ತಾನೆ, ಹನಿ ಚೆಲ್ಲದೆ.
ಮೂವತ್ತೊಂದು ಮಿಲಿಲೀಟರು.
"ಅಷ್ಟೂ ಉಗುಳಿದೆಯಾ?"
ಯೋಚಿಸುತ್ತಾನೆ. "ಸ್ವಲ್ಪ ಒಳಗೆ ಹೋಯ್ತು."

ಆ ಸ್ವಲ್ಪಕ್ಕೆ ನಮೂನೆಯಲ್ಲಿ ಜಾಗವಿಲ್ಲ.

ಇದೇ ದಂಡೆಯಲ್ಲಿ ಮುಳುಗು ಹಾಕಿ ಬೆಳೆದವಳು ನಾನು.
ನನ್ನ ಅಕ್ಕ ಅಕುಮು ಕೂಡ.
ಅವಳ ಹೆರಿಗೆಯಾಗಿ ಒಂಬತ್ತನೇ ದಿನ
ಮೊದಲ ಮದ್ದು, ಎರಡನೇ ಮದ್ದು,
ಬಸ್ಸಿನಲ್ಲಿ ರಾಜಧಾನಿಯಿಂದ ತರಿಸಿದ ಮೂರನೆಯದು.
ಮಗುವಿಗೆ ಈಗ ಆರು ವರ್ಷ, ನನ್ನನ್ನೇ ಅಮ್ಮ ಅನ್ನುತ್ತದೆ.
ಆ ಜ್ವರಕ್ಕೂ ಈ ನೀರಿಗೂ ಗೆರೆ ಎಳೆಯಲು
ಪುರಾವೆ ಸಾಲದು.
ವರದಿಯಲ್ಲಿ ನಾನೇ ಬರೆದ ವಾಕ್ಯ ಅದು.
ಪ್ರಾಮಾಣಿಕ ವಾಕ್ಯ.
ಅದರ ಮಗ್ಗುಲಲ್ಲಿ ಮಲಗಿದರೆ ನಿದ್ದೆ ಹತ್ತುವುದಿಲ್ಲ.

ಮೂವತ್ತೊಂದು ಎಂದು ಶಾಯಿಯಲ್ಲಿ ಬರೆದೆ.
ಪಕ್ಕಕ್ಕೆ ಪೆನ್ಸಿಲಿನಲ್ಲಿ ಕೂಡುವ ಗುರುತು ಹಾಕಿ
ಸ್ವಲ್ಪ, ಎಂದು.
ಸಾಹೇಬರು ಅಳಿಸುತ್ತಾರೆ. ಅಳಿಸಲಿ.

ದೂರದಲ್ಲಿ ಹಸಿರು ಎಲೆಗಳನ್ನು ಸೀಳಿಕೊಂಡು
ಒಂದು ತಲೆ ಮೇಲೆದ್ದು ಕೂಗುತ್ತದೆ:
ಇನ್ನೊಂದು ಸಲ ಅಳೀತೀಯಾ?
ಬಾಯಿ ಅಗಲಕ್ಕೆ ತೆರೆದಿದೆ.